ಸಹಾಯ ಬೇಕು: ಹ್ಯಾಂಡ್ ಪ್ಯಾಲೆಟ್ ಟ್ರಕ್‌ನ ಫೋರ್ಕ್ ರೋಲರ್, ನೈಲಾನೋ ಪಿಯುನೋ (ಪಾಲಿಯುರೆಥೇನ್, ರಬ್ಬರಿನಂಥ ಪ್ಲಾಸ್ಟಿಕ್)?

ಎಲ್ಲರಿಗೂ ನಮಸ್ಕಾರ. ನಮ್ಮದು 2.5 ಟನ್‌ನ ಹ್ಯಾಂಡ್ ಪ್ಯಾಲೆಟ್ ಟ್ರಕ್ (ಸರಕಿನ ಹಲಗೆಯಡಿ ಎರಡು ಫೋರ್ಕ್, ಅಂದರೆ ಉದ್ದ ತೋಳು, ತೂರಿಸಿ ಎತ್ತಿ ಕೈಯಿಂದ ಎಳೆಯುವ ಗಾಡಿ). ಪ್ರತಿ ಫೋರ್ಕ್‌ನ ತುದಿಗೆ ಜೋಡಿ ರೋಲರ್, ಒಟ್ಟು 4. ವ್ಯಾಸ 80 ಮಿಮೀ, ಅಗಲ 70 ಮಿಮೀ, 6204 ಬೇರಿಂಗ್, ಶಾಫ್ಟ್ 20 ಮಿಮೀ. ವ್ಯಾಸವನ್ನು ಕಡಿಮೆ ಸವೆದ ರೋಲರ್‌ನಲ್ಲೇ ಅಳೆದದ್ದು.

ಈಗಿರುವುದು ನೈಲಾನ್. ಬಲಗಡೆಯ ಒಂದು ರೋಲರ್ ಒಂದು ಕಡೆ ಚಪ್ಪಟೆಯಾಗಿದೆ. ಬಿಚ್ಚಿದರೆ ಸ್ಟ್ರೆಚ್ ಫಿಲ್ಮ್ (ಸರಕಿಗೆ ಸುತ್ತುವ ತೆಳು ಪ್ಲಾಸ್ಟಿಕ್) ಶಾಫ್ಟ್‌ಗೆ ಹಗ್ಗದ ಹಾಗೆ ಸುತ್ತಿಕೊಂಡು ಬೇರಿಂಗ್ ಸೀಲನ್ನೇ ಕಿತ್ತಿದೆ, ಗ್ರೀಸ್ ಕಪ್ಪು ಪುಡಿಯಾಗಿದೆ. ಬೇರಿಂಗ್ ಹಿಡಿದುಕೊಂಡ ಮೇಲೆ ರೋಲರ್ ಉರುಳದೆ ನೆಲಕ್ಕೆ ಉಜ್ಜಿದೆ. ಒಂದನ್ನೇ ಬದಲಿಸಿದರೆ ಹೊಸದು, ಸವೆದದ್ದು ಬೇರೆ ಬೇರೆ ಅಳತೆಯಾಗುತ್ತವೆ, ಹಾಗಾಗಿ ನಾಲ್ಕನ್ನೂ ಬದಲಿಸುವುದು ಖಚಿತ.

ಎಪಾಕ್ಸಿ ನೆಲ, ನಡುವೆ ಜಾಯಿಂಟ್‌ಗಳಿವೆ. ಹೊರೆ ಸಾಮಾನ್ಯವಾಗಿ 1.5 ಟನ್. ನೈಲಾನ್ ಹಗುರಾಗಿ ಉರುಳುತ್ತದೆ, ಆದರೆ ಸದ್ದು ಜಾಸ್ತಿ, ಜಾಯಿಂಟ್ ಅಂಚಿಗೆ ಬಡಿದು ಚೂರು ಏಳುತ್ತದೆ. ಪಿಯು ನೆಲಕ್ಕೆ ಒಳ್ಳೆಯದು, ಆದರೆ ಹೊರೆ ಹೊತ್ತು ರಾತ್ರಿಯಿಡೀ ನಿಂತರೆ ಅದುಮಿಕೊಳ್ಳುತ್ತದೆ, ಕೆಲವೊಮ್ಮೆ ಒಳಗಿನ ಲೋಹದಿಂದ ಕಿತ್ತೇ ಬರುತ್ತದೆ. ಇಂಥ ನೆಲದಲ್ಲಿ ಪಿಯು ಬಳಸಿದವರು ಎಷ್ಟು ಶೋರ್ (ರಬ್ಬರ್, ಪ್ಲಾಸ್ಟಿಕ್‌ನ ಗಡಸುತನ ಅಳೆಯುವ ಮಾಪನ) ಗಡಸುತನದ್ದು ಹಾಕಿದ್ದೀರಿ?

ಇನ್ನೊಂದು: ಎಡಗಡೆಯ ಶಾಫ್ಟ್‌ನ ಸ್ಪ್ರಿಂಗ್ ಪಿನ್ (ಶಾಫ್ಟ್ ಜಾರದಂತೆ ಹಿಡಿದಿಡುವ ಟೊಳ್ಳು ಪಿನ್) ಪಂಚ್ ಏಟಿಗೆ ತಲೆ ಅಗಲವಾಗಿ ಕೂತುಬಿಟ್ಟಿದೆ. ರಂಧ್ರ ಹಾಳಾಗದಂತೆ ಡ್ರಿಲ್ ಮಾಡಿ ತೆಗೆದವರಿದ್ದರೆ ಯಾವ ಸೈಜ್ ಬಿಟ್‌ನಿಂದ ಶುರು ಮಾಡಿದಿರಿ, ದಯವಿಟ್ಟು ತಿಳಿಸಿ.