52ರಲ್ಲಿ 27 ಕಳೆದರೆ 35 ಎನ್ನುತ್ತಾಳೆ: ಪರೀಕ್ಷೆ ಮಾಡಿಸಬೇಕೇ?

ವಿಜಯನಗರದ ತಾಯಿ:
ಮಗಳು ಮೂರನೇ ತರಗತಿ, ಎಂಟು ವರ್ಷ ತುಂಬಿದೆ. ಓದಿನಲ್ಲಿ ಚುರುಕು, ಲೆಕ್ಕದ ಪುಸ್ತಕ ತೆಗೆದರೆ ಹೊಟ್ಟೆನೋವು ಶುರು. 52ರಲ್ಲಿ 27 ಕಳೆ ಎಂದರೆ 35 ಬರೆಯುತ್ತಾಳೆ. ಮುನ್ನೂರ ಐದು ಬರೆ ಎಂದರೆ 3005. ಶಾಲೆಯವರು ಡೈರಿಯಲ್ಲಿ ‘ಕಲಿಕಾ ನ್ಯೂನತೆ ಇರಬಹುದು, ಪರೀಕ್ಷೆ ಮಾಡಿಸಿ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಂಡಿದ್ದಾರೆ. ದಿನಾ ಮಗ್ಗಿ ಹೇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನಮ್ಮ ಅತ್ತೆಯವರ ವಾದ. ಯಾರ ಮಾತು ಕೇಳಲಿ?

ನಿವೃತ್ತ ಶಿಕ್ಷಕಿ, ಬಸವನಗುಡಿ:
ಸದ್ಯಕ್ಕೆ ಇಬ್ಬರದ್ದೂ ಬೇಡ. ಆ 35 ಎಲ್ಲಿಂದ ಬಂತು ನೋಡಿ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದು, ಹಾಗಾಗಿ 7ರಿಂದ 2 ಕಳೆದು 5 ಇಟ್ಟಿದ್ದಾಳೆ. ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ತಾನೇ ನಿಯಮ ಮಾಡಿಕೊಂಡಿದ್ದಾಳೆ, ಜಾಣೆ! 3005 ಕೂಡ ಅದೇ ಜಾತಿ: ಕಿವಿಗೆ ಬಿದ್ದ 300 ಬರೆದು, ಪಕ್ಕದಲ್ಲಿ 5 ಅಂಟಿಸಿದ್ದು. ಸ್ಥಾನಬೆಲೆ ಹಿಡಿತಕ್ಕೆ ಬಂದಿಲ್ಲ. ಮಗ್ಗಿ ಎಷ್ಟು ಉರು ಹೊಡೆದರೂ ಇದು ನೇರವಾಗುವುದಿಲ್ಲ. ಕೆಂಪು ಶಾಯಿಯಲ್ಲಿ ಗೀಟು ಎಳೆದು ಪುಟ ತಿರುಗಿಸುವವರಿಗೆ ಇದು ಕಾಣುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಪುಸ್ತಕ ಬದಿಗಿಟ್ಟು ಅವಳನ್ನು ಕೂರಿಸಿಕೊಳ್ಳಿ. ಮೂರೋ ನಾಲ್ಕೋ ಹುಣಸೆ ಬೀಜ ಚೆಲ್ಲಿ, ತಕ್ಷಣ ಅಂಗೈ ಮುಚ್ಚಿ ‘ಎಷ್ಟು?’ ಎನ್ನಿ. ಎಣಿಸದೆ ಹೇಳಬೇಕು. 8ಕ್ಕೆ 5 ಕೂಡಿಸುವಾಗ ಬೆರಳು ಗಮನಿಸಿ: ಒಂದರಿಂದ ಎಣಿಸುತ್ತಾಳೋ, ಎಂಟು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು ಎಂದು ಮುಂದುವರಿಯುತ್ತಾಳೋ? 68, 86ರಲ್ಲಿ ಯಾವುದು ದೊಡ್ಡದು? ಕೊನೆಗೆ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಟ್ಟು, ಅಂಗಡಿಯವರಂತೆ 27 ರೂಪಾಯಿ ಕೇಳಿ. ತಿದ್ದಬೇಡಿ. ‘ಹೇಗೆ ಮಾಡಿದೆ ಪುಟ್ಟಿ?’ ಎಂದಷ್ಟೇ ಕೇಳಿ, ಅವಳು ಹೇಳಿದ್ದನ್ನು ಬರೆದಿಡಿ.

ಮಕ್ಕಳ ಆಪ್ತಸಮಾಲೋಚಕ, ಜಯನಗರ:
ಆ ಚೀಟಿ ಜೋಪಾನ, ಪರೀಕ್ಷಿಸುವವರಿಗೆ ಬಹಳ ಉಪಯೋಗ. ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಯಲ್ಲಿ 5ರಿಂದ 7 ವರ್ಷಕ್ಕೆ ಒಂದು ಹಂತ, 8ರಿಂದ 12ಕ್ಕೆ ಇನ್ನೊಂದು. ಲೆಕ್ಕದ ಜೊತೆಗೆ ಓದು, ಕಾಗುಣಿತ, ಗಮನವನ್ನೂ ನೋಡುತ್ತಾರೆ. ಕಣ್ಣು, ಕಿವಿ ಮೊದಲೇ ತೋರಿಸಿಬಿಡಿ. ತೊಡಕಿರುವ ಜಾಗವನ್ನೇ ಹಿಡಿದು ಆರು ತಿಂಗಳು ಕಲಿಸಿದ ಮೇಲೂ ಕಷ್ಟ ಉಳಿದರೆ ಡಿಸ್ಕ್ಯಾಲ್ಕುಲಿಯದ, ಅಂದರೆ ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆಯ, ಮಾತು. ಅದು ನಿಜವೆಂದಾದರೂ ಗಾಬರಿ ಬೇಡ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ.

ವಿಜಯನಗರದ ತಾಯಿ:
ಬೀಜ ಸರಿ ಹೇಳಿದಳು. 86 ದೊಡ್ಡದು ಎಂದಳು. 8ಕ್ಕೆ 5 ಕೂಡಿಸಲು ಒಂದರಿಂದಲೇ ಎಣಿಸಿದಳು. ಆದರೆ ನೋಟಿನ ಆಟದಲ್ಲಿ ಮೂರು ನೋಟು ಕೊಟ್ಟು, ‘ಮೂರು ರೂಪಾಯಿ ಚಿಲ್ಲರೆ ಕೊಡಿ’ ಎಂದಳು! ಉಳಿದದ್ದು ಎಷ್ಟು ಎಂದರೆ, 25.

ನಿವೃತ್ತ ಶಿಕ್ಷಕಿ, ಬಸವನಗುಡಿ:
ಕಳೆಯುವುದು ಅವಳಿಗೆ ಗೊತ್ತು. ಕಾಗದದ ಮೇಲಿನ ದಶಕ ಗೊತ್ತಿಲ್ಲ. ಒಂದು ಹತ್ತರ ನೋಟು ಮುರಿಸಿ ಹತ್ತು ನಾಣ್ಯ ಕೊಡಿ. ಮುರಿಸಿದ ಕೂಡಲೇ 5 ಹೊಡೆದು 4 ಬರೆಯಲಿ, 2ರ ಜಾಗದಲ್ಲಿ 12. ಒಂದೊಂದು ಹೆಜ್ಜೆಗೂ ಮೊದಲು ಹಣ, ಆಮೇಲೆ ಪೆನ್ಸಿಲ್. ಡೈರಿಯ ಆ ಸಾಲಿನ ಕೆಳಗೆ ಇದನ್ನೇ ಬರೆದು ಕಳುಹಿಸಿ.