ಮಗಳು ಗಣಿತದಲ್ಲಿ ‘ಸೌಂಡ್’ ಅಂದರೆ ಏನರ್ಥ?

ಪ್ರಶ್ನೆ: ಮಗಳ ಪ್ರಗತಿ ವರದಿಯಲ್ಲಿ ಗಣಿತದ ಮುಂದೆ ‘ಸೌಂಡ್ ಅಂಡರ್‌ಸ್ಟ್ಯಾಂಡಿಂಗ್ ಆಫ್ ಫ್ರಾಕ್ಷನ್ಸ್’ ಅಂತ ಬರೆದಿದ್ದಾರೆ. ಸೌಂಡ್ ಅಂದ್ರೆ ಸದ್ದು ಅಂತ ಗೊತ್ತು. ದುಡ್ಡಿರೋರನ್ನ ‘ಸೌಂಡ್ ಪಾರ್ಟಿ’ ಅನ್ನೋದೂ ಗೊತ್ತು. ಇಲ್ಲಿ ಇದು ಹೊಗಳಿಕೆಯಾ, ಇಲ್ಲ ‘ಪರವಾಗಿಲ್ಲ’ ಅಂತಾನಾ? ಗುಂಪಿನಲ್ಲಿರೋ ಅನುವಾದಕರು ದಯವಿಟ್ಟು ತಿಳಿಸಿ.

ಉತ್ತರ: ಹೊಗಳಿಕೆಯೇ, ಸಂತೋಷಪಡಿ. ಭಿನ್ನರಾಶಿಯಲ್ಲಿ ಮಗುವಿನ ಬುನಾದಿ ಗಟ್ಟಿಯಾಗಿದೆ ಅಂತ ಅದರ ಭಾವ. ‘ಎಕ್ಸಲೆಂಟ್’ನಷ್ಟು ಎತ್ತರದ ಮಾತಲ್ಲ, ನಿಜ. ಆದರೆ ಉರು ಹೊಡೆದಿಲ್ಲ, ಅರ್ಥ ಮಾಡಿಕೊಂಡಿದ್ದಾಳೆ, ಮುಂದಿನ ಪಾಠವನ್ನು ಇದರ ಮೇಲೆ ಧೈರ್ಯವಾಗಿ ಕಟ್ಟಬಹುದು ಅನ್ನೋ ಭರವಸೆ ಅದರಲ್ಲಿದೆ. ನನ್ನನ್ನು ಕೇಳಿದರೆ ಆ ವಯಸ್ಸಿಗೆ ಇದು ಇನ್ನೂ ಒಳ್ಳೆಯ ಮಾತು.

ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ಕಾಗುಣಿತ ಒಂದೇ, ಹುಟ್ಟು ಬೇರೆ. ಸದ್ದು ಅನ್ನುವ ಸೌಂಡ್ ಲ್ಯಾಟಿನ್ನಿನ ‘ಸೊನುಸ್’ನಿಂದ ಫ್ರೆಂಚ್ ಮೂಲಕ ಬಂದದ್ದು, ಕೊನೆಯ ‘ಡ್’ ಆಮೇಲೆ ಅಂಟಿಕೊಂಡಿತು. ವಿಶೇಷಣವಾದ ಸೌಂಡ್ ಹಳೆಯ ಇಂಗ್ಲಿಷಿನ ‘ಗೆಸುಂಡ್’ನಿಂದ ಬಂತು. ಆರೋಗ್ಯವಾಗಿರುವ, ಊನವಿಲ್ಲದ ಅಂತ ಅರ್ಥ. ಜರ್ಮನ್ನರು ಇವತ್ತಿಗೂ ಆರೋಗ್ಯವಂತನನ್ನು ‘ಗೆಜುಂಟ್’ ಅನ್ನುತ್ತಾರೆ. ಯಾರಾದರೂ ಸೀನಿದರೆ ‘ಗೆಜುಂಟ್‌ಹೈಟ್’ ಎಂದು ಹಾರೈಸುತ್ತಾರೆ. ನೀರಿನ ಆಳ ಅಳೆಯುವ ‘ಸೌಂಡ್’ ಮೂರನೆಯದು, ಅದು ಫ್ರೆಂಚಿನ ‘ಸೊಂದೆ’. ಅದನ್ನು ಇಲ್ಲಿ ಬಿಡೋಣ.

ಈ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿ ನಾನೂ ಬಹಳ ದಿನ ಒದ್ದಾಡಿದ್ದೇನೆ. ಕೊನೆಗೆ ಕೈಹಿಡಿದದ್ದು ಒಂದು ಪ್ರಶ್ನೆ: ಇಲ್ಲಿ ಯಾವ ಬಿರುಕು ಇಲ್ಲ ಅನ್ನುತ್ತಿದ್ದಾರೆ? ‘ಸೌಂಡ್ ಸ್ಲೀಪ್’ ಅಂದರೆ ನಡುವೆ ಎಚ್ಚರವಾಗದ ನಿದ್ದೆ, ಗಾಢ ನಿದ್ದೆ. ಉಯಿಲಿನಲ್ಲಿ ಬರುವ ‘ಆಫ್ ಸೌಂಡ್ ಮೈಂಡ್’ ಅಂದರೆ ಬುದ್ಧಿ ಸ್ಥಿಮಿತದಲ್ಲಿದ್ದು, ತಾನು ಏನು ಬರೆಸುತ್ತಿದ್ದೇನೆ ಎಂಬ ಅರಿವಿರುವವನು; ‘ಸ್ವಸ್ಥಚಿತ್ತ’ ಸರಿಹೊಂದುತ್ತದೆ. ‘ಸೌಂಡ್ ಅಡ್ವೈಸ್’ ಅಂದರೆ ನಂಬಿ ನಡೆದರೆ ಕೈಕೊಡದ ಸಲಹೆ. ಕಟ್ಟಡ ‘ಸ್ಟ್ರಕ್ಚರಲಿ ಸೌಂಡ್’ ಅಂದರೆ ಸುಭದ್ರ. ಬಿರುಕು ಬದಲಾದ ಹಾಗೆಲ್ಲ ಕನ್ನಡದ ಪದವೂ ಬದಲಾಗುತ್ತದೆ. ನಿಘಂಟು ನೋಡಿ ಎಲ್ಲ ಕಡೆ ‘ಸದೃಢ’ ಅಂತ ಹಾಕಿದರೆ ಸದೃಢ ನಿದ್ದೆ, ಸದೃಢ ಸಲಹೆ ಆಗಿಬಿಡುತ್ತದೆ. ಹಾಗೆ ಯಾರೂ ಮಾತಾಡುವುದಿಲ್ಲ.

‘ಸೌಂಡ್ ಪಾರ್ಟಿ’ ಹುಟ್ಟಿದ್ದು ‘ಫೈನಾನ್ಷಿಯಲಿ ಸೌಂಡ್’ನಿಂದ. ಆದರೆ ಬಳಸುತ್ತ ಬಳಸುತ್ತ ನಾವು ಅರ್ಥ ಸರಿಸಿದ್ದೇವೆ. ಇಂಗ್ಲಿಷಿನಲ್ಲಿ ಅದು ಶ್ರೀಮಂತ ಅಂತಲ್ಲ. ಆದಾಯ ಸಣ್ಣದಿರಲಿ, ಸಾಲ ಮೈಮೇಲೆ ಬರದ ಹಾಗೆ ಲೆಕ್ಕಾಚಾರ ನೇರವಾಗಿದ್ದರೆ ಸಾಕು. ಕೋಟಿ ಕೋಟಿ ವಹಿವಾಟಿದ್ದೂ ಸಾಲದಲ್ಲಿ ಮುಳುಗಿದ ಕಂಪನಿ ‘ಸೌಂಡ್’ ಅಲ್ಲ.

ಮರುಪ್ರಶ್ನೆ: ಹಾಗಾದರೆ ‘ಎ ಸೌಂಡ್ ಬೀಟಿಂಗ್’? ಏಟಿನಲ್ಲಿ ಯಾವ ಆರೋಗ್ಯ, ಯಾವ ಬಿರುಕು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಅಲ್ಲಿ ಅರ್ಥ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಊನವಿಲ್ಲದ್ದು, ಆದ್ದರಿಂದ ಪೂರ್ತಿಯಾದದ್ದು. ನಾವು ‘ಚೆನ್ನಾಗಿ ಬಾರಿಸಿದ’, ‘ಸರಿಯಾಗಿ ಬಿತ್ತು’ ಅನ್ನುತ್ತೇವಲ್ಲ, ಅಲ್ಲಿ ಚೆನ್ನಾಗಿರುವುದು ಏನು, ಸರಿ ಇರುವುದು ಏನು? ಅದೇ ದಾರಿ. ಆಟದಲ್ಲಿ ‘ಸೌಂಡ್ಲಿ ಡಿಫೀಟೆಡ್’ ಅಂದರೂ ಅಷ್ಟೇ, ಹೀನಾಯವಾಗಿ ಸೋತರು.

ಮರುಪ್ರಶ್ನೆ: ತರ್ಕಶಾಸ್ತ್ರ ಓದುತ್ತಿದ್ದೇನೆ. ‘ವ್ಯಾಲಿಡ್’ಗೂ ‘ಸೌಂಡ್’ಗೂ ಪುಸ್ತಕದಲ್ಲಿ ‘ಸರಿಯಾದ’ ಅಂತಲೇ ಕೊಟ್ಟಿದ್ದಾರೆ. ಗೊಂದಲ.

ಉತ್ತರ: ಅದು ಪುಸ್ತಕದ ತಪ್ಪು, ನಿಮ್ಮದಲ್ಲ. ಎಲ್ಲ ಹಕ್ಕಿಗಳೂ ಹಾರುತ್ತವೆ, ಉಷ್ಟ್ರಪಕ್ಷಿ ಹಕ್ಕಿ, ಆದ್ದರಿಂದ ಉಷ್ಟ್ರಪಕ್ಷಿ ಹಾರುತ್ತದೆ. ಈ ವಾದ ವ್ಯಾಲಿಡ್. ಮೊದಲ ಎರಡು ಮಾತು ಒಪ್ಪಿದರೆ ಮೂರನೆಯದನ್ನು ಒಪ್ಪದೆ ವಿಧಿಯಿಲ್ಲ. ಆದರೆ ಸೌಂಡ್ ಅಲ್ಲ, ಯಾಕೆಂದರೆ ಮೊದಲ ಮಾತೇ ಸುಳ್ಳು. ಜೋಡಣೆಯೂ ಸರಿಯಿದ್ದು, ಆಧಾರವಾಕ್ಯಗಳೆಲ್ಲ ನಿಜವೂ ಆಗಿದ್ದರೆ ಮಾತ್ರ ಸೌಂಡ್. ನಾನಾಗಿದ್ದರೆ ವ್ಯಾಲಿಡ್‌ಗೆ ‘ಕ್ರಮಬದ್ಧ’, ಸೌಂಡ್‌ಗೆ ‘ನಿರ್ದುಷ್ಟ’ ಅಂತ ಬರೆಯುತ್ತೇನೆ. ಬೇರೆ ಪದವೂ ಇರಬಹುದು, ಎರಡಕ್ಕೂ ಒಂದೇ ಮಾತ್ರ ಬೇಡ.

ಮರುಪ್ರಶ್ನೆ: ‘ಸೌಂಡ್ ಅಸ್ಲೀಪ್’, ‘ಫಾಸ್ಟ್ ಅಸ್ಲೀಪ್’ ಎರಡೂ ಕೇಳಿದ್ದೇನೆ. ವೇಗವಾಗಿ ನಿದ್ದೆ ಮಾಡೋದು ಹೇಗೆ?

ಉತ್ತರ: ‘ಫಾಸ್ಟ್’ನ ಹಳೆಯ ಅರ್ಥ ವೇಗವಲ್ಲ, ಬಿಗಿ. ಬಣ್ಣ ಬಿಡದ ಬಟ್ಟೆಯನ್ನು ‘ಕಲರ್ ಫಾಸ್ಟ್’ ಅನ್ನುವುದು, ಬಿಗಿಯಾಗಿ ಕಟ್ಟು ಅನ್ನುವ ‘ಫಾಸನ್’, ಎಲ್ಲ ಅದರ ಬಳಗವೇ. ‘ಫಾಸ್ಟ್ ಅಸ್ಲೀಪ್’ ಅಂದರೆ ನಿದ್ದೆ ಬಿಗಿಯಾಗಿ ಹಿಡಿದಿದೆ. ಸೌಂಡ್‌ನ ನೆರೆಹೊರೆಯಲ್ಲಿ ಇಂಥವು ಇನ್ನೂ ಇವೆ. ಆರೋಗ್ಯವಂತ ಅನ್ನುವ ‘ಹೇಲ್’, ಇಡೀ ಅನ್ನುವ ‘ಹೋಲ್’, ವಾಸಿಯಾಗು ಅನ್ನುವ ‘ಹೀಲ್’ ಮೂರೂ ಒಂದೇ ಬೇರಿನವು, ಇಡಿಯಾಗಿರುವುದೇ ಆರೋಗ್ಯ ಅನ್ನುವ ಭಾವ. ಗಟ್ಟಿಮುಟ್ಟಾದ ಅನ್ನುವ ‘ರೋಬಸ್ಟ್’ನ ಒಳಗೆ ಓಕ್ ಮರ ಇದೆ, ಲ್ಯಾಟಿನ್ನಿನ ‘ರೋಬುರ್’.

ಮರುಪ್ರಶ್ನೆ: ಸದ್ದಿಗೆ ಸಂಬಂಧವೇ ಇಲ್ಲ ಅಂದಿರಿ. ಮತ್ತೆ ‘ಸೌಂಡ್ ಆಸ್ ಎ ಬೆಲ್’ ಅಂತಾರಲ್ಲ?

ಉತ್ತರ: ಹುಟ್ಟಿನಲ್ಲಿ ಸಂಬಂಧವಿಲ್ಲ, ಈ ನುಡಿಗಟ್ಟಿನಲ್ಲಿ ಎರಡೂ ಒಟ್ಟಿಗೆ ಕೂತಿವೆ. ಗಂಟೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಡಿದಾಗ ನಾದ ತುಂಬಿ ಬರುವುದಿಲ್ಲ, ಒಡಕು ಸದ್ದು ಬರುತ್ತದೆ. ಊನವಿಲ್ಲ ಅನ್ನುವುದಕ್ಕೆ ಅದರ ಸದ್ದೇ ಸಾಕ್ಷಿ. ಕನ್ನಡದ ‘ಗಟ್ಟಿ’ಯನ್ನು ನೋಡಿ: ಗಟ್ಟಿ ಗೋಡೆ, ಗಟ್ಟಿ ಜೀವ, ಗಟ್ಟಿಯಾಗಿ ಹೇಳು. ದೃಢತೆಯೂ ಅದರಲ್ಲಿದೆ, ದೊಡ್ಡ ದನಿಯೂ ಅದರಲ್ಲಿದೆ. ಹಾಗಾಗಿ ‘ಸೌಂಡ್ ಆಸ್ ಎ ಬೆಲ್’ ಬಂದಾಗ ‘ಗುಂಡುಕಲ್ಲಿನ ಹಾಗಿದ್ದಾನೆ’ ಅಂತ ಬರೆದುಬಿಡುತ್ತೇನೆ. ಗಂಟೆ ಹೋಯಿತು ಅಂತ ಒಂದಿಷ್ಟು ಬೇಜಾರಾಗುತ್ತದೆ, ಆದರೆ ವಾಕ್ಯ ನಿಲ್ಲುತ್ತದೆ.