ಆರು ತಂಡ, ಒಂದೇ ಮೈದಾನ: ಫುಟ್ಬಾಲ್ ಲೀಗ್ ಶುರು ಮಾಡುವುದು ಹೇಗೆ?

ಪ್ರಶ್ನೆ – ಸಕಲೇಶಪುರ ಕಡೆಯವನು

ನಮ್ಮ ಸುತ್ತಮುತ್ತ ಆರು ತಂಡಗಳಿವೆ. ತೋಟ, ಗ್ಯಾರೇಜು, ಅಂಗಡಿಯಲ್ಲಿ ದುಡಿಯುವ ಹುಡುಗರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನಾಕೌಟ್ ಟೂರ್ನಿ, ಒಮ್ಮೆ ಸೋತರೆ ಹೊರಗೆ. ಹೋದ ಸಲ ನಾವು ಬೆಳಿಗ್ಗೆ ಎಂಟಕ್ಕೆ ಆಡಿ, ಒಂಬತ್ತೂವರೆಗೆ ಸೋತು ಮನೆಗೆ ಬಂದೆವು. ಇಡೀ ವರ್ಷಕ್ಕೆ ಅಷ್ಟೇ ಆಟ. ಗೋಲ್‌ಕೀಪರ್ ಹುಡುಗ ಅದಕ್ಕೆಂದೇ ದುಡ್ಡು ಕೂಡಿಟ್ಟು ಗ್ಲೌಸ್ ತಂದಿದ್ದ. ಎಲ್ಲ ತಂಡಗಳೂ ಪರಸ್ಪರ ಆಡುವ ನಮ್ಮದೇ ಲೀಗ್ ಬೇಕು ಅನಿಸಿದೆ. ಕಪ್‌ಗೆ ಯಾರಾದರೂ ದುಡ್ಡು ಕೊಡುವವರೆಗೆ ಕಾಯಬೇಕಾ?

ಉತ್ತರ – ಹಳೇ ಸ್ಟಾಪರ್ ಬ್ಯಾಕ್, ಬೆಂಗಳೂರು

ಕಾಯಬೇಡಿ. ಕಪ್ ಆಮೇಲೆ, ಮೊದಲು ತಾರೀಕು.

ಇಂಗ್ಲೆಂಡಿನಲ್ಲಿ ಮೊದಲ ಲೀಗ್ ಹುಟ್ಟಿದ್ದೇ ತಾರೀಕಿನ ತಾಪತ್ರಯದಿಂದ. ಕಪ್ ಪಂದ್ಯ ಬಂತೆಂದರೆ ಒಪ್ಪಿಕೊಂಡಿದ್ದ ಸ್ನೇಹಪಂದ್ಯ ರದ್ದಾಗುತ್ತಿತ್ತು. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್, ಬಟ್ಟೆ ಅಂಗಡಿಯವರು, 1888ರ ಮಾರ್ಚ್ 2ರಂದು ಬೇರೆ ಕ್ಲಬ್ಬುಗಳಿಗೆ ಪತ್ರ ಬರೆದರು. ಸೆಪ್ಟೆಂಬರ್ 8ಕ್ಕೆ ಲೀಗ್ ಶುರುವಾಯಿತು. ಪಾಯಿಂಟ್ ಲೆಕ್ಕ ತೀರ್ಮಾನವಾಗಿದ್ದು ನವೆಂಬರಿನಲ್ಲಿ!

ನಿಮಗೆ ಇನ್ನೂ ಹತ್ತಿರದ್ದು 1905ರಲ್ಲಿ ಲಂಡನ್ ಸುತ್ತ ಶುರುವಾದ ಇಸ್ತ್ಮಿಯನ್ ಲೀಗ್. ದುಡ್ಡಿಗೆ ಆಡದ ಆರೇ ಕ್ಲಬ್ಬು. ಗೆದ್ದವರಿಗೆ ಕಪ್ಪೂ ಇಲ್ಲ, ಪದಕವೂ ಇಲ್ಲ. 'ಗೌರವವೇ ಸಾಕು' ಅನ್ನೋದು ಅವರ ಮಾತು. ಆ ಲೀಗ್ ಇವತ್ತಿಗೂ ನಡೀತಿದೆ.

ಲೆಕ್ಕ ಸುಲಭ. ಆರು ತಂಡ ಒಂದು ಸುತ್ತು ಆಡಿದರೆ 15 ಪಂದ್ಯ. ಭಾನುವಾರಕ್ಕೆ ಮೂರು, ಐದು ಭಾನುವಾರ. ಮೂರು ಮೂರು ತಂಡದ ಎರಡು ಸಾಲು ಎದುರುಬದುರು ಬರೆಯಿರಿ, ಎದುರಿಗಿರುವವರು ಆಡಲಿ. ಒಂದು ತಂಡವನ್ನು ಜಾಗದಲ್ಲೇ ಇಟ್ಟು ಉಳಿದ ಐದನ್ನು ವಾರಕ್ಕೊಂದು ಸ್ಥಾನ ತಿರುಗಿಸಿ, ಪಟ್ಟಿ ತಾನಾಗಿ ಬರುತ್ತದೆ. ನಿಮ್ಮ ಕಡೆ ಮಳೆ, ಕಾಫಿ ಕುಯ್ಲು ಎರಡನ್ನೂ ನೋಡಬೇಕು ಅಲ್ವಾ? ಮೊದಲ ಸುತ್ತು ಅಕ್ಟೋಬರ್–ನವೆಂಬರಿನಲ್ಲಿ ಮುಗಿಸಿ. ಕುಯ್ಲು ಮುಗಿದ ಮೇಲೆ ಮಾರ್ಚ್–ಏಪ್ರಿಲಿನಲ್ಲಿ ಎರಡನೆಯದು.

ವಾಕ್‌ಓವರ್ ನಿಯಮ, ಅಂದರೆ ಒಂದು ತಂಡ ಬರದಿದ್ದರೆ ಬಂದ ತಂಡಕ್ಕೆ ಗೆಲುವು ಅನ್ನೋದನ್ನ, ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿ. ಏಳು ಜನಕ್ಕಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡುವಂತಿಲ್ಲ, ಅದು ಆಟದ ನಿಯಮವೇ. ನಾವು ಕೆಲವರು ಸೇರಿ ಮಾಡಿದ ಲೀಗಿನಲ್ಲಿ ಮೂರನೇ ವಾರ ಒಂದು ತಂಡ ಬರಲಿಲ್ಲ. 'ಪರವಾಗಿಲ್ಲ, ಮುಂದಿನ ವಾರ ಆಡಿ' ಅಂದೆವು. ಅದರ ಮುಂದಿನ ವಾರ ಎರಡು ತಂಡ ಬರಲಿಲ್ಲ. ಆರನೇ ವಾರ ಮೈದಾನದಲ್ಲಿ ನಾನು, ಚೆಂಡು, ಸುಣ್ಣದ ಗೆರೆ ಮಾತ್ರ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಉತ್ತರ – ಜಿಲ್ಲಾ ಪಂದ್ಯಗಳ ರೆಫ್ರಿ

ರೆಫ್ರಿ ಖರ್ಚನ್ನು ಎಂಟ್ರಿ ಫೀಯಲ್ಲೇ ಸೇರಿಸಿ. ಆಡುವ ತಂಡದವರ ಕೈಗೆ ಸೀಟಿ ಕೊಡಬೇಡಿ, ಜಗಳ ಅಲ್ಲಿಂದಲೇ ಶುರು. ಲೀಗನ್ನು ಸಂಘವಾಗಿ ನೋಂದಾಯಿಸುವುದಾದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ತಂಡಕ್ಕೊಬ್ಬರು, ಜತೆಗೆ ಯಾವ ತಂಡಕ್ಕೂ ಸೇರದ ಒಬ್ಬ ಹಿರಿಯರು.

ಸಕಲೇಶಪುರ ಕಡೆಯವನು

ಆ ಏಳನೆಯವರು ನಮ್ಮ ಶಾಲೆಯ ನಿವೃತ್ತ ಪಿ.ಟಿ. ಮೇಷ್ಟ್ರು. ಈಗಷ್ಟೇ ಫೋನ್ ಮಾಡಿದೆ, ಒಪ್ಪಿದರು. ಭಾನುವಾರ ಆರೂ ನಾಯಕರನ್ನು ಕರೆದಿದ್ದೇನೆ. ಕ್ಯಾಲೆಂಡರ್ ಹಿಡಿದುಕೊಂಡು ಬರ್ತೀನಿ ಅಂದಿದ್ದಾರೆ ಮೇಷ್ಟ್ರು.